ಹೊಟ್ಟಿನ ಒಲೆಯ ಹೊಗೆ

ಎಂಬತ್ತರ ದಶಕದಲ್ಲಿ ನಾನು ಬಸವೇಶ್ವರನಗರದ ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಒಬ್ಬನೇ ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಬೆಳಗಾದರೆ ಮನೆಯವರು ಬಚ್ಚಲಿನ ಹಂಡೆಯೊಲೆಗೆ ಮರದ ಹೊಟ್ಟು ತುಂಬಿ ಹಚ್ಚುತ್ತಿದ್ದರು. ನೀರು ಅವರಿಗೆ ಕಾಯುತ್ತಿತ್ತು, ಹೊಗೆ ನನ್ನ ಕಿಟಕಿಗೆ ಬರುತ್ತಿತ್ತು. ಕೆಮ್ಮಿ ಕೆಮ್ಮಿ ಸಿಟ್ಟು ನೆತ್ತಿಗೇರುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ತರಗತಿಯಲ್ಲಿ ಮಾತ್ರ ಧೈರ್ಯ ಬಂತು. ಒಬ್ಬರ ಅನುಕೂಲದ ಬೆಲೆಯನ್ನು ಸಂಬಂಧವೇ ಇಲ್ಲದ ಮೂರನೆಯವರೊಬ್ಬರು ತೆರುವುದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆಂದು ವಿವರಿಸಿ, ಆ ಒಲೆಯದೇ ಉದಾಹರಣೆ ಕೊಟ್ಟೆ. "ಹೊಗೆ ಕುಡಿಯುವವನು ಇಲ್ಲಿ ಮೂರನೆಯವನು" ಎಂದೆ. ಎರಡನೇ ಬೆಂಚಿನಲ್ಲಿ ಆ ಮನೆಯವರ ಮಗಳೇ ಕೂತು ಬರೆದುಕೊಳ್ಳುತ್ತಿದ್ದಾಳೆಂಬುದು ಹೊಳೆದದ್ದು ಆಮೇಲೆ.

ಸಂಜೆ ಆಕೆಯ ತಾಯಿ ನನ್ನ ಬಾಗಿಲಲ್ಲಿ ನಿಂತು, "ನೀವೇನು ಮೂರನೇವ್ರಾ ಸಾರ್? ನಮ್ಗೇ ಹೇಳ್ಬೋದಿತ್ತಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಅದೇ ವಾರ ಒಲೆ ಕೀಳಿಸಿ, ಮನೆಯವರಿಗಷ್ಟೇ ಸಾಲುವ ಕರೆಂಟಿನ ಸಣ್ಣ ಬಾಯ್ಲರ್ ಹಾಕಿಸಿದರು.

ಹೊಗೆ ನಿಂತಿತು. ಅದರ ಜೊತೆಗೆ, ಉದಾಹರಣೆ ಕೊಡುವಾಗ ನಾನು ಹೇಳದೆ ಬಿಟ್ಟಿದ್ದ ಇನ್ನೊಂದೂ ನಿಂತಿತು. ಹಂಡೆಯಲ್ಲಿ ಉಳಿದ ಬಿಸಿನೀರನ್ನು ಆ ತಾಯಿ ದಿನವೂ ಬಕೆಟ್ಟಿನಲ್ಲಿ ತಂದು ನನ್ನ ಬಾಗಿಲ ಮುಂದಿಟ್ಟು, "ನೀರು ಇಟ್ಟಿದೀನಿ ಸಾರ್, ಆರೋಗತ್ತೆ" ಎಂದು ಕೂಗುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ದನಿ ಅದೊಂದೇ.

ಮರುವರ್ಷ ತಣ್ಣೀರಿನಲ್ಲಿ ಮಿಂದು ಹೋಗಿ ಅದೇ ಪಾಠ ಮಾಡಿದೆ. ಅಷ್ಟು ಹೊತ್ತಿಗೆ ನಾನು ನಿಜಕ್ಕೂ ಮೂರನೆಯವನಾಗಿದ್ದೆ.