ಚೌಡಯ್ಯ ಕಟ್ಟದೆ ಬಿಟ್ಟ ತಂತಿ

ಮೂಡಿಗೆರೆಯ ವೈರ್‌ಮನ್ ಚೌಡಯ್ಯನಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂದರೆ ಪ್ರಾಣ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಸುರಿಸುವುದರಲ್ಲಿ ಅವನದು ಧಾರಾಳ ಕೈ. ಅಂಥವನು 2006ರ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನ ಸೋಲಾರ್ ತರಬೇತಿಯಿಂದ ಊಟಕ್ಕೂ ನಿಲ್ಲದೆ ಎದ್ದು ಬಂದ.

ಕಲಿಸುವವರು ಕೇಳಿದ್ದು ಇಷ್ಟೇ. ಟ್ರಾನ್ಸ್‌ಫಾರ್ಮರ್ ಇದ್ದಲ್ಲಿ ನ್ಯೂಟ್ರಲ್ ತಂತಿಯನ್ನು ಅಲ್ಲೇ ನೆಲಕ್ಕೆ ಕಟ್ಟಿರುತ್ತಾರೆ. ಕರೆಂಟ್ ಕಂಬವೇ ಇಲ್ಲದ ತೋಟದಲ್ಲಿ, ಬರೀ ಇನ್ವರ್ಟರ್ ಇದ್ದಲ್ಲಿ, ಅದನ್ನು ಕಟ್ಟುವವರು ಯಾರು? ಕಟ್ಟದಿದ್ದರೆ ಸೋರಿದ ಕರೆಂಟಿಗೆ ಹಿಂದಿರುಗುವ ದಾರಿಯಿಲ್ಲ, ಸೋರಿಕೆ ಕಂಡೊಡನೆ ಕರೆಂಟ್ ಕಡಿಯಬೇಕಾದ ಬ್ರೇಕರ್ ಬೀಳುವುದಿಲ್ಲ.

ಚೌಡಯ್ಯನಿಗೆ ತನ್ನದೇ ಕೆಲಸ ನೆನಪಾಯಿತು. ಕಳಸದ ಆಚೆ, ಕರೆಂಟ್ ಕಂಬವಿಲ್ಲದ ವಿಶಾಲಾಕ್ಷಮ್ಮನವರ ತೋಟದಲ್ಲಿ, ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಇನ್ವರ್ಟರ್ ಕೂರಿಸಿದವನು ಅವನೇ. ಅಂದು ಅರ್ಥಿಂಗ್ ಪರೀಕ್ಷಿಸಲು ಫೇಸಿಗೂ ಅರ್ಥಿಗೂ ಬಲ್ಬು ಹಿಡಿದರೆ, ಉರಿಯಬೇಕಾದದ್ದು ಉರಿದಿರಲಿಲ್ಲ. ನೆಲ ಒಣಗಿದೆ ಎಂದುಕೊಂಡ ಮಹಾಶಯ ಇನ್ನೊಂದು ಮೂಟೆ ಉಪ್ಪು ಸುರಿಸಿ, ನಾಲ್ಕು ಕೊಡ ನೀರು ಹೊಯ್ಯಿಸಿದ್ದ. ಆಗಲೂ ಉರಿಯಲಿಲ್ಲ. ಕೊನೆಗೆ ಬ್ರೇಕರಿನ ಟೆಸ್ಟ್ ಬಟನ್ ಒತ್ತಿದ, ಟಕ್ಕನೆ ಬಿತ್ತು. ಆ ಬಟನ್ ಅರ್ಥಿಂಗನ್ನಲ್ಲ, ಬ್ರೇಕರನ್ನು ಮಾತ್ರ ಪರೀಕ್ಷಿಸುತ್ತದೆಂದು ತಿಳಿಯದೆ, ನೆಮ್ಮದಿಯಿಂದ ಕಾಫಿ ಕುಡಿದು ಬಂದಿದ್ದ.

ಈಗ ಕುಯ್ಲಿನ ಕಾಲ. ಪಲ್ಪರ್ ಹತ್ತಿರ ನೆಲ ಸದಾ ಒದ್ದೆ, ಅದಕ್ಕೆ ಹಣ್ಣು ಹಾಕುವ ಆಳು ಸಿದ್ದಗಂಗಮ್ಮ ಕೆಲಸ ಮಾಡುವುದು ಬರಿಗಾಲಲ್ಲಿ. ತೋಟದ ಫೋನು ಸಿಗಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸಿನ ಡ್ರೈವರು ನೀರುದೋಸೆಗೆ ಇಳಿದಾಗ ಚೌಡಯ್ಯನಿಗೆ ಆ ದೋಸೆಯ ಮೇಲೂ ಸಿಟ್ಟು ಬಂತು. ಕೂತಲ್ಲಿ ಕೂರಲಾರದೆ ಬಸ್ಸನ್ನು ಮೂರು ಸುತ್ತು ಸುತ್ತಿದ.

ತೋಟದಲ್ಲಿ, ಕಳಸದಿಂದ ಹಿಡಿದ ಜೀಪಿನಿಂದ ಇಳಿದವನೇ ಓಡಿ ಸ್ವಿಚ್ ಆರಿಸಿದ. ಸಿದ್ದಗಂಗಮ್ಮ ಪಲ್ಪರಿನ ಮೈಗೆ ಮೊಣಕೈ ಊರಿ ಹಣ್ಣು ದಬ್ಬುತ್ತಿದ್ದಳು. ಬದುಕಿದ್ದಳು. ಚೌಡಯ್ಯ ಇನ್ವರ್ಟರಿನ ಬಾಯಲ್ಲೇ ನ್ಯೂಟ್ರಲ್ಲಿಗೂ ಅರ್ಥಿಗೂ ಮೊಳದುದ್ದದ ತಂತಿ ಕಟ್ಟಿ, ಸ್ವಿಚ್ ಹಾಕಿದ. ಬ್ರೇಕರ್ ಬಿತ್ತು. ಎತ್ತಿದ, ಮತ್ತೆ ಬಿತ್ತು.

ಹಣ್ಣಿನ ರಾಶಿ ನೋಡಿ ವಿಶಾಲಾಕ್ಷಮ್ಮನವರು ಗೊಣಗಿದರು.

"ಬೆಳಿಗ್ಗೆಯಿಂದ ಚೆನ್ನಾಗೇ ಓಡ್ತಿತ್ತಲ್ಲ ಚೌಡಯ್ಯ. ನೀವು ಕೈ ಹಾಕಿದ್ದೇ ನಿಂತೋಯ್ತು."

ಮೋಟಾರು ಇವತ್ತೇ ಕೆಟ್ಟಿತೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಯಾರಿಗೆ ತಿಳಿಯುತ್ತಿತ್ತು? ಅವನಿಗೆ ನಾಚಿಕೆಯಾಯಿತು.

"ಓಡ್ತಿದ್ದದ್ದೇ ತಪ್ಪು ಅಮ್ಮಾ. ಮೋಟಾರಿಂದ ಕರೆಂಟು ಮೊದ್ಲೇ ಸೋರ್ತಿತ್ತು. ಅದನ್ನ ನಿಲ್ಸೋ ತಂತಿ ನಾನೇ ಕಟ್ಟಿರ್ಲಿಲ್ಲ."

ಸಿದ್ದಗಂಗಮ್ಮ ಪಲ್ಪರಿನಿಂದ ಮೆಲ್ಲಗೆ ಮೊಣಕೈ ತೆಗೆದಳು.

"ಎಷ್ಟು ದಿನದಿಂದ ಸೋರ್ತಿತ್ತು?" ಎಂದು ಕೇಳಿದಳು.

"ತಂತಿ ಕಟ್ಟಿದ್ರೆ ಸೋರಿದ ದಿನವೇ ಬ್ರೇಕರ್ ಬಿದ್ದು ಹೇಳ್ತಿತ್ತು," ಎನ್ನುತ್ತ ಚೌಡಯ್ಯ ಮೋಟಾರು ಬಿಚ್ಚತೊಡಗಿದ.