ಸ್ತಾಮಾತನ ಉಗ್ರಾಣದ ಕೆಂಪು ಚೌಕ

ನಮ್ಮ ಚೀಸ್ ಕಾರ್ಖಾನೆಯ ಉಗ್ರಾಣಾಧಿಪತಿ ಸ್ತಾಮಾತ್ ಮಹಾಶೂರ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹೆದರಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ.

ಸುರಕ್ಷತೆಯ ಪಾಠ ಹೇಳಲು ರಾಜಧಾನಿ ಸೋಫಿಯಾದಿಂದ ಬಂದ ಹುಡುಗಿ ಪೀಪಾಯಿಗಳಿಗೆಲ್ಲ ಕೆಂಪು ಅಂಚಿನ ಎಚ್ಚರಿಕೆ ಚೌಕಗಳನ್ನು ಅಂಟಿಸಿದಾಗ ಅವನು ಒಂದೊಂದಕ್ಕೂ ಭಾಷ್ಯ ಹೇಳಿದ್ದ.

"ಬೆಂಕಿ ಚಿತ್ರ ಒಲೆಗೆ. ತಲೆಬುರುಡೆ ನಮ್ಮತ್ತೆಗೆ. ಕೈಮೇಲೆ ಏನೋ ಸುರೀತಿದೆಯಲ್ಲ, ಇದು ಕೈ ತೊಳ್ಕೊಳ್ಳಿ ಅಂತ ತಾನೆ?"

"ತೊಳೆಯೋದಲ್ಲ ಮಾಮ, ಕೈಯನ್ನ ತಿನ್ನೋದು. ಪಕ್ಕದಲ್ಲಿ ಲೋಹಾನೂ ತಿಂತಿದೆ ನೋಡಿ."

"ನನ್ನ ಕೈ ತಿಂದ್ರೆ ಅದಕ್ಕೇ ಅಜೀರ್ಣ ಆಗತ್ತೆ, ಬಿಡವ್ವ!"

ಫೆಬ್ರವರಿಯಲ್ಲಿ ಸಂತ ಹರಲಾಂಪಿಯ ದಿನ ಬಂತು. ಬಾಯ್ಲರ್ ನೋಡಿಕೊಳ್ಳುವ ನಮ್ಮ ಹರಲಾಂಪಿಗೆ ಅಂದು ಹೆಸರಿನ ಹಬ್ಬ. ಜೊತೆಗಾರರಿಗೆ ಕುಡಿಸುವುದು ಅವನ ಧರ್ಮ. ಮನೆಯಲ್ಲೇ ಇಳಿಸಿದ ತಿಳಿನೀರಿನಂಥ ದ್ರಾಕ್ಷಿ ಸಾರಾಯಿ ರಾಕಿಯಾವನ್ನು ಖನಿಜನೀರಿನ ಬಾಟಲಿಯಲ್ಲಿ ತಂದು ಉಗ್ರಾಣದ ಕಪಾಟಿನಲ್ಲಿಟ್ಟ. ಅದೇ ಬೆಳಗ್ಗೆ, ಹಾಲಿನ ಕೊಳವೆ ತೊಳೆಯುವ ಕಾಸ್ಟಿಕ್ ಸೋಡಾ ದ್ರಾವಣದ, ಆ ಕೈ ತಿನ್ನುವ ಚಿತ್ರದ ಪೀಪಾಯಿ ಸೋರತೊಡಗಿತು. ತಳದಲ್ಲಿ ಉಳಿದದ್ದನ್ನು ಸ್ತಾಮಾತ್ ಅಂಥದೇ ಖಾಲಿ ಬಾಟಲಿಗೆ ಸುರಿದು ಅದೇ ಕಪಾಟಿನಲ್ಲಿಟ್ಟ. ಚೀಟಿ ಅಂಟಿಸಲಿಲ್ಲ. ಅವನ ರಾಜ್ಯದಲ್ಲಿ ಅವನಿಗೆ ಗೊತ್ತಿರದ ಬಾಟಲಿ ಉಂಟೇ?

ಮಧ್ಯಾಹ್ನ ನೋಡಿದರೆ ಕಪಾಟಿನಲ್ಲಿ ಒಂದೇ ಬಾಟಲಿ. ಮುಚ್ಚಳ ತೆಗೆದು ಮೂಸಿದ. ಘಮ್ಮೆಂದು ದ್ರಾಕ್ಷಿಯ ವಾಸನೆ! ಆ ಸುವಾಸನೆಗೇ ಅವನು ಬೆಚ್ಚಿಬಿದ್ದ. ಹಾಗಾದರೆ ಅಡುಗೆಯ ರೈನಾ ಹಬ್ಬಕ್ಕೆಂದು ಒಯ್ದದ್ದು ಇನ್ನೊಂದನ್ನು.

ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಎಂಬತ್ತು ಹೆಜ್ಜೆಯ ಅಂಗಳ, ತುಂಬ ಮಂಜುಗಡ್ಡೆ. ಎರಡು ಸಲ ಬಿದ್ದ. ಕೂಗಲು ಬಾಯಿ ತೆರೆದರೆ ಬಿಳಿ ಹಬೆ ಬಂತು, ದನಿ ಬರಲಿಲ್ಲ.

ಅಡುಗೆಮನೆಯೊಳಗೆ ನಾವು ಏಳು ಮಂದಿ ಖಾಲಿ ಲೋಟ ಹಿಡಿದು ಕೂತಿದ್ದೆವು. ರೈನಾ ತಾನು ತಂದದ್ದಕ್ಕೆ ಚಳಿಗೆಂದು ಜೇನು ಬೆರೆಸಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿಮಾಡುತ್ತಿದ್ದಳು.

"ಜೇನು ಯಾಕೋ ಕಪ್ಪಾಗ್ತಿದೆ, ಹರಲಾಂಪಿ ಅಣ್ಣ. ನೊರೆ ಬೇರೆ ಉಕ್ತಿದೆ."

"ಖಾರ ಕಣಮ್ಮ, ಖಾರ! ಪಾತ್ರೇನೇ ಕುಣಿಸ್ತಿದೆ ನೋಡು. ಮೊದಲು ನನಗೆ ಹಾಕು."

ಅವನ ಲೋಟ ತುಂಬಿತು. ನಮ್ಮಲ್ಲಿ ಲೋಟ ತಾಗಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು, ಒಬ್ಬರನ್ನೂ ಬಿಡುವಂತಿಲ್ಲ. ಉಳಿದವರ ಲೋಟ ತುಂಬುವವರೆಗೂ ಕಾಯಲಾರದ ಹರಲಾಂಪಿ ಒಬ್ಬೊಬ್ಬರ ಮುಂದೆಯೂ ನಿಂತು, ನೋಡಿ, ಹಾರೈಸುತ್ತ ಬಂದ. ನಾನು ಐದನೆಯವನು. ಅವನು ಆರನೆಯವನತ್ತ ತಿರುಗಿದಾಗ ಬಾಗಿಲು ಧಡಾರೆಂದಿತು. ಒಂದೇ ಬೂಟಿನಲ್ಲಿದ್ದ ಸ್ತಾಮಾತ್ ನುಗ್ಗಿ ಬಂದು ಲೋಟಕ್ಕೆ ಹೊಡೆದ.

"ಹುಚ್ಚು ಹಿಡೀತೇನೋ? ಅಯ್ಯೋ, ಕೈ! ಕೈ ಉರೀತಿದೆ!"

"ನಲ್ಲಿ! ನಲ್ಲಿ ಕೆಳಗೆ ಹಿಡಿ! ಅದು ಕಾಸ್ಟಿಕ್ಕು ಕಣೋ!" ದನಿ ಈಗ ಬಂದಿತ್ತು.

ರೈನಾ ಒಲೆ ಆರಿಸಿ ಹಿಂದೆ ಸರಿದಳು. ಅರ್ಧ ಗಂಟೆ ನೀರು ಹರಿಯಿತು. ಹರಲಾಂಪಿಯ ಚರ್ಮದ ಮೇಲೆ ಮೂರು ಬಿಳಿ ಮಚ್ಚೆಗಳೆದ್ದವು. ಅವನ್ನು ನೋಡುತ್ತ ಅವನು ಗಂಟಲು ಮುಟ್ಟಿಕೊಂಡ.

"ನಿನ್ನ ರಾಕಿಯಾ ಇದು," ಎಂದು ಸ್ತಾಮಾತ್ ಬಾಟಲಿ ಚಾಚಿದ. "ಮೂಸಿ ನೋಡಿದೀನಿ."

"ನೀನು ಮೂಸಿದ್ದಾ?"

ಬಾಟಲಿ ಮೂಗಿನಿಂದ ಮೂಗಿಗೆ ಸುತ್ತಿತು. ಅಪ್ಪಟ ದ್ರಾಕ್ಷಿ ಎಂದು ಎಲ್ಲರೂ ಒಪ್ಪಿದರು. ಲೋಟವನ್ನು ಮಾತ್ರ ಯಾರೂ ಮುಂದಕ್ಕೆ ಚಾಚಲಿಲ್ಲ. ಹುಟ್ಟಿದಂದಿನಿಂದ ಒಂದು ಹನಿಯನ್ನೂ ಬೇಡವೆನ್ನದ ಏಳು ಜನ! ಕೊನೆಗೆ ಹರಲಾಂಪಿ, ಸುಡದ ಕೈಯಿಂದ, ತಾನೇ ಇಳಿಸಿದ ರಾಕಿಯಾವನ್ನು ಬಚ್ಚಲಿಗೆ ಸುರಿದ. ಗುಳುಗುಳು ಎನ್ನುತ್ತ ಅದು ಇಳಿದುಹೋಯಿತು.