ಹೇಳದೆ ಹೊಡೆದ ಔಷಧಿ

ಮಲ್ಲವ್ವನ ಜೇನುಹುಳುಗಳನ್ನು ಕೊಂದವನು ನಾನು, ಫಕೀರಪ್ಪಾ. ನೀನಲ್ಲ. ಸಂಘದವರೆಲ್ಲ ನಿನ್ನ ತಲೆಗೆ ಕಟ್ಟಿದ ಆ ತಪ್ಪು ನನ್ನದು.

ನೇಸರಗಿಯ ನಮ್ಮ ಸಂಘದಲ್ಲಿ ರೈತರೂ ಜೇನು ಸಾಕುವವರೂ ಕೂಡಿ ನಡೆದದ್ದು ಒಂದೇ ಮಾತಿನ ಮೇಲೆ — ಬೆಳೆಗೆ ಔಷಧಿ ಹೊಡೆಯುವವನು ಹಿಂದಿನ ದಿನವೇ ಹೇಳಬೇಕು. ಹೇಳಿದರೆ ಮಲ್ಲವ್ವ ಸಂಜೆಯೇ ಜೇನುಪೆಟ್ಟಿಗೆಗಳ ಬಾಗಿಲು ಮುಚ್ಚುತ್ತಿದ್ದಳು. ಮರುದಿನ ಹುಳು ಹೊರಗೆ ಬರುತ್ತಿರಲಿಲ್ಲ. ಅಷ್ಟೇ. ಬರೆದಿಟ್ಟ ಕಾನೂನೇನೂ ಅಲ್ಲ.

ಆ ವರ್ಷ ಅಕ್ಕಪಕ್ಕದ ನಮ್ಮಿಬ್ಬರ ಹೊಲದಲ್ಲೂ ಸೂರ್ಯಕಾಂತಿ ಹೂಬಿಟ್ಟಿತ್ತು. ಪೆಟ್ಟಿಗೆ ಹತ್ತಿರವಿದ್ದರೆ ಕಾಳು ಚೆನ್ನಾಗಿ ತುಂಬುತ್ತದೆ. ಮಲ್ಲವ್ವ ಅವನ್ನು ನಿನ್ನ ಬದುವಿನಲ್ಲಿಟ್ಟಳು. ನನಗೆ ಹೊಟ್ಟೆ ಉರಿಯಿತು — ನಾನೇನು ಪಾಪ ಮಾಡಿದ್ದೆ? ನನ್ನ ಬೆಳೆಗೆ ಕೀಟ ಬಿದ್ದಾಗ ಅವಳಿಗೆ ಹೇಳಬೇಕೆಂಬುದು ಮರೆತಿರಲಿಲ್ಲ. ಬೇಕೆಂದೇ ಹೇಳಲಿಲ್ಲ. ಬಿಸಿಲೇರಿ, ಜೇನು ಹೂವಿನ ಮೇಲೆ ಕೂತಿದ್ದಾಗಲೇ ಪಂಪು ಬೆನ್ನಿಗೇರಿಸಿದೆ. ಇಷ್ಟೊಂದು ಸಾಯುತ್ತವೆಂದು ನನಗೆ — ಇಲ್ಲ, ಗೊತ್ತಿತ್ತು.

ಸತ್ತ ಹುಳುಗಳನ್ನು ಮಲ್ಲವ್ವ ಸೆರಗಿನಲ್ಲಿ ತುಂಬಿಕೊಂಡು ಸಂಘದ ಸಭೆಗೆ ಬಂದಳು. "ನಿನ್ನ ನಂಬಿ ನಿನ್ನ ಬದುವಿನ್ಯಾಗ ಇಟ್ಟಿದ್ನೆಲ್ಲೋ! ಒಂದ್ ಮಾತ ಹೇಳಾಕ ಏನಾಗಿತ್ತು ನಿನಗ?" ಎಂದು ನಿನ್ನೆದುರು ನಿಂತು ಅತ್ತಳು.

"ನಾ ಹೊಡದಿಲ್ಲಬೇ ಯಕ್ಕಾ. ಬೇಕಾದ್ರ ಬಾಜೂ ಹೊಲದಾಂವನ್ನ ಕೇಳ," ಎಂದು ನೀನು ನನ್ನತ್ತ ನೋಡಿದೆ. ಎಷ್ಟು ಭರವಸೆಯಿಂದ ನೋಡಿದೆ!

"ನಾ ಆ ದಿನಾ ಹೊಲಕ್ಕ ಹೋಗೇ ಇಲ್ಲಪಾ," ಎಂದೆ.

ಅಂದಿನಿಂದ ನೀನು ಸಂಘ ಬಿಟ್ಟೆ, ಸೂರ್ಯಕಾಂತಿಯನ್ನೂ ಬಿಟ್ಟೆ. ಪೆಟ್ಟಿಗೆಗಳು ನನ್ನ ಬದುವಿಗೆ ಬಂದವು. ನಾಚಿಕೆಗೇಡಿ ನಾನು, ಬೇಡವೆನ್ನಲಿಲ್ಲ. ಯಾರು ಯಾವಾಗ ಔಷಧಿ ಹೊಡೆಯುತ್ತಾರೆಂದು ಮಲ್ಲವ್ವನಿಗೆ ತಿಳಿಸುವ ಕೆಲಸವನ್ನೂ ಸಂಘದವರು ನನಗೇ ಒಪ್ಪಿಸಿದರು. ಅದನ್ನೂ ಮಾಡುತ್ತ ಬಂದೆ.

ಇಷ್ಟು ವರ್ಷಗಳ ಮೇಲೆ ನೀನು ಮತ್ತೆ ಸೂರ್ಯಕಾಂತಿ ಹಾಕಿದ್ದೀ. ಇವತ್ತು ಮಧ್ಯಾಹ್ನ ನಿನ್ನ ಹೊಲದಿಂದಲೇ ನನ್ನನ್ನು ಕೂಗಿ ಹೇಳಿದೆ: "ನಾಳಿ ಔಷಧ ಹೊಡೀತೇನಿ. ಯಕ್ಕಗ ಒಂದ್ ಮಾತ ಹೇಳಿಬಿಡು, ಹುಳಾ ಸತ್ತಗಿತ್ತಾವು."

ಸಂಘದ ಹಂಗು ನಿನಗೇನಿತ್ತು, ಫಕೀರಪ್ಪಾ? ಮಾತು ತಪ್ಪಿದವನೆನಿಸಿಕೊಂಡು ಹೊರಬಿದ್ದ ನೀನು ಮಾತು ಉಳಿಸಿಕೊಂಡೆ. ಒಳಗೇ ಕೂತ ನಾನು ಅದನ್ನು ಮುರಿದವನು.

ಈಗ ಮಲ್ಲವ್ವನ ಮನೆಗೆ ಹೊರಟಿದ್ದೇನೆ. ನಾಳೆ ಹೊಡೆಯುವವನು ನೀನೆಂದು ಹೇಳುತ್ತೇನೆ. ಅಂದು ಹೊಡೆದವನು ನಾನೆಂದೂ ಹೇಳುತ್ತೇನೆ. ಆಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯಬೇಡ.